ಗಿಟಾರಿನಲ್ಲಿ ಸೆವೆಂತ್ ಕಾರ್ಡ್ ಆರ್ಪೆಜಿಯೊ: ಕಟ್ಟುವ ಮತ್ತು ಗುರುತಿಸುವ ಕ್ರಮ

ಸೆವೆಂತ್ ಕಾರ್ಡ್ ಎಂಬುದು ನಾಲ್ಕು ಸ್ವರಗಳ ಕಟ್ಟು. ಆ ನಾಲ್ಕನ್ನೂ ಒಮ್ಮೆಗೇ ಮೀಟಿದರೆ ಕಾರ್ಡ್. ಒಂದಾದ ಮೇಲೊಂದರಂತೆ ಬಿಡಿಸಿ ನುಡಿಸಿದರೆ ಆರ್ಪೆಜಿಯೊ. ಹಾರ್ಪ್ ನುಡಿಸುವುದು ಎಂಬ ಅರ್ಥದ ಇಟಾಲಿಯನ್ ಪದದಿಂದ ಈ ಹೆಸರು ಬಂದಿದೆ. ಗಿಟಾರ್ ನುಡಿಸುವವರು ಈ ಪದವನ್ನು ಎರಡು ಅರ್ಥಗಳಲ್ಲಿ ಬಳಸುತ್ತಾರೆ. ಮೊದಲನೆಯದರಲ್ಲಿ ಎಡಗೈ ಕಾರ್ಡನ್ನು ಹಿಡಿದೇ ಇರುತ್ತದೆ, ಬಲಗೈಯ ಬೆರಳುಗಳು ತಂತಿಗಳನ್ನು ಒಂದೊಂದಾಗಿ ಮೀಟುತ್ತವೆ, ಸ್ವರಗಳು ಒಂದರ ಮೇಲೊಂದು ಬೆರೆತು ಮೊಳಗುತ್ತವೆ. 1812ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಮಾವ್ರೊ ಜೂಲಿಯಾನಿಯ 120 ಬಲಗೈ ಅಭ್ಯಾಸಗಳು ಈ ಬಗೆಯವು; ಅವೆಲ್ಲವೂ ಸಿ ಮೇಜರ್ ಮತ್ತು ಜಿ ಸೆವೆಂತ್ ಎಂಬ ಎರಡೇ ಕಾರ್ಡುಗಳ ಮೇಲೆ ನಿಂತಿವೆ. ಎರಡನೆಯದರಲ್ಲಿ ಕಾರ್ಡಿನ ಸ್ವರಗಳನ್ನು ಸ್ಕೇಲ್ (ಮೆಟ್ಟಿಲಿನಂತೆ ಏರುವ ಸ್ವರಸಾಲು) ನುಡಿಸುವಂತೆ ಬಿಡಿಬಿಡಿಯಾಗಿ ನುಡಿಸುತ್ತೇವೆ, ಒಂದು ಸ್ವರ ಶುರುವಾಗುವಾಗ ಹಿಂದಿನದು ನಿಂತಿರುತ್ತದೆ. ಈ ಬರಹ ಎರಡನೆಯ ಬಗೆಯನ್ನು ಕುರಿತದ್ದು, ಆದರೆ ಗುರುತಿಸುವ ವಿಧಾನ ಎರಡಕ್ಕೂ ಒಂದೇ.

ಗಿಟಾರಿನಲ್ಲಿ ಆರ್ಪೆಜಿಯೊವನ್ನು ಬೆರಳಿನ ಆಕಾರವಾಗಿ ಕಲಿಯುವುದು ಬಹಳ ಸುಲಭ, ಮತ್ತು ತೊಂದರೆ ಶುರುವಾಗುವುದು ಅಲ್ಲಿಂದಲೇ. ನಾನು ಮೊದಲ ಒಂದು ವರ್ಷ ಹಾಗೆಯೇ ಕಲಿತೆ. ಐದು ಆಕಾರಗಳನ್ನು ವೇಗವಾಗಿ ನುಡಿಸಬಲ್ಲವನಾಗಿದ್ದೆ, ಆದರೆ ನುಡಿಸುತ್ತಿರುವಾಗ ನಡುವೆ ನಿಲ್ಲಿಸಿ ಈಗ ಬೆರಳು ಕಾರ್ಡಿನ ಎಷ್ಟನೆಯ ಸ್ವರದ ಮೇಲಿದೆ ಎಂದು ಕೇಳಿದರೆ ಮೊದಲಿನಿಂದ ಎಣಿಸಬೇಕಾಗುತ್ತಿತ್ತು. ಕೆಳಗಿನ ಕ್ರಮ ಆ ಎಣಿಕೆಯನ್ನು ಆರಂಭದಲ್ಲೇ ಕೈಗೆ ಹತ್ತಿಸುವ ಉದ್ದೇಶದಿಂದ ಬರೆದದ್ದು: ಪ್ರತಿ ಸ್ವರವನ್ನೂ ಅದರ ಸ್ಥಾನದ ಹೆಸರಿನಿಂದ ತಿಳಿದಿರಬೇಕು, ಆಕಾರ ತಾನಾಗಿ ಅದರ ಹಿಂದೆ ಬರುತ್ತದೆ.

ಗೊಂದಲವಾಗದಿರಲೆಂದು ಈ ಬರಹದಲ್ಲಿ ಫ್ರೆಟ್ ಮತ್ತು ಸೆಮಿಟೋನುಗಳ ಲೆಕ್ಕವನ್ನು ಅಂಕಿಯಲ್ಲೂ, ಕಾರ್ಡಿನೊಳಗಿನ ಸ್ಥಾನಗಳನ್ನು ಒಂದು, ಮೂರು, ಐದು, ಏಳು ಎಂದು ಅಕ್ಷರದಲ್ಲೂ ಬರೆದಿದ್ದೇನೆ. ತೆಳುವಾದ ತಂತಿ ಒಂದನೆಯದು, ದಪ್ಪವಾದದ್ದು ಆರನೆಯದು. ಸಾಮಾನ್ಯ ಟ್ಯೂನಿಂಗ್‌ನಲ್ಲಿ ಆರನೆಯದರಿಂದ ಒಂದನೆಯದರವರೆಗೆ ಇ, ಎ, ಡಿ, ಜಿ, ಬಿ, ಇ.

ಹಂತ 1: ಅಕ್ಷರಗಳ ಸರಪಣಿ

ಗಿಟಾರನ್ನು ಪಕ್ಕಕ್ಕಿಟ್ಟು ಮೊದಲು ಒಂದು ಸಾಲನ್ನು ಬಾಯಿಪಾಠ ಮಾಡಿ: ಎ, ಸಿ, ಇ, ಜಿ, ಬಿ, ಡಿ, ಎಫ್, ಮತ್ತೆ ಎ. ಏಳು ಸ್ವರಾಕ್ಷರಗಳನ್ನು ಒಂದು ಬಿಟ್ಟು ಒಂದರಂತೆ ಹೇಳಿದಾಗ ಬರುವ ಸಾಲು ಇದು. ಕೊನೆ ಮುಟ್ಟಿದ ಕೂಡಲೇ ಮೊದಲಿಗೆ ಮರಳುವುದರಿಂದ ಇದನ್ನು ವೃತ್ತವೆಂದೇ ತಿಳಿಯಬಹುದು. ಯಾವುದೇ ಸೆವೆಂತ್ ಕಾರ್ಡ್ ಈ ವೃತ್ತದ ಮೇಲೆ ಅಕ್ಕಪಕ್ಕದ ನಾಲ್ಕು ಅಕ್ಷರಗಳಾಗಿರುತ್ತದೆ. ಸಿಯಿಂದ ಹೊರಟರೆ ಸಿ, ಇ, ಜಿ, ಬಿ. ಡಿಯಿಂದ ಹೊರಟರೆ ಡಿ, ಎಫ್, ಎ, ಸಿ. ಜಿಯಿಂದ ಹೊರಟರೆ ಜಿ, ಬಿ, ಡಿ, ಎಫ್. ಮೊದಲ ಅಕ್ಷರ ಮೂಲಸ್ವರ, ಅಂದರೆ ಒಂದು; ಉಳಿದವು ಕ್ರಮವಾಗಿ ಮೂರು, ಐದು, ಏಳು. ಮೂಲಸ್ವರದಿಂದ ಸ್ಕೇಲಿನ ಮೆಟ್ಟಿಲುಗಳನ್ನು ಎಣಿಸಿದರೆ ಆ ಅಂಕಿಗಳು ಎಲ್ಲಿಂದ ಬಂದವೆಂಬುದು ಸ್ಪಷ್ಟವಾಗುತ್ತದೆ: ಸಿ ಒಂದು, ಡಿ ಎರಡು, ಇ ಮೂರು, ಹೀಗೆ ಬಿ ಏಳನೆಯದು.

ಈ ಸರಪಣಿಯಿಂದ ಅಕ್ಷರ ಮಾತ್ರ ಸಿಗುತ್ತದೆ. ಅದರ ಜೊತೆಗೆ ಶಾರ್ಪ್ (ಒಂದು ಫ್ರೆಟ್ ಮೇಲೆ) ಇದೆಯೋ ಫ್ಲ್ಯಾಟ್ (ಒಂದು ಫ್ರೆಟ್ ಕೆಳಗೆ) ಇದೆಯೋ ಎಂಬುದನ್ನು ಮುಂದಿನ ಹಂತ ನಿರ್ಧರಿಸುತ್ತದೆ. ಆದರೂ ಸಾಲನ್ನು ಯಾವ ಅಕ್ಷರದಿಂದ ಬೇಕಾದರೂ ತಡವರಿಸದೆ ಹೇಳುವಷ್ಟು ಗಟ್ಟಿ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಕಟ್ಟುವಾಗಲೂ ಗುರುತಿಸುವಾಗಲೂ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಹಂತ 2: ಅಂತರಗಳನ್ನು ಅಳೆಯುವುದು

ಸರಪಣಿಯ ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರವನ್ನು ಥರ್ಡ್ ಎನ್ನುತ್ತಾರೆ. ಅದು 4 ಸೆಮಿಟೋನ್ ಇದ್ದರೆ ಮೇಜರ್ ಥರ್ಡ್, 3 ಇದ್ದರೆ ಮೈನರ್ ಥರ್ಡ್. ಗಿಟಾರಿನಲ್ಲಿ ಒಂದು ಸೆಮಿಟೋನ್ ಎಂದರೆ ಒಂದೇ ತಂತಿಯ ಮೇಲೆ ಒಂದು ಫ್ರೆಟ್, ಹಾಗಾಗಿ ಅಳೆಯುವ ಕೋಲು ಕೈಯಲ್ಲೇ ಇದೆ. ನಾಲ್ಕು ಸ್ವರಗಳ ನಡುವೆ ಮೂರು ಅಂತರಗಳಿರುತ್ತವೆ, ಆ ಮೂರು ಅಂಕಿಗಳೇ ಕಾರ್ಡಿನ ಜಾತಿಯನ್ನು ಹೇಳುತ್ತವೆ.

4, 3, 4 ಇದ್ದರೆ ಮೇಜರ್ ಸೆವೆಂತ್.
4, 3, 3 ಇದ್ದರೆ ಡಾಮಿನೆಂಟ್ ಸೆವೆಂತ್.
3, 4, 3 ಇದ್ದರೆ ಮೈನರ್ ಸೆವೆಂತ್.
3, 3, 4 ಇದ್ದರೆ ಮೈನರ್ ಸೆವೆಂತ್ ಫ್ಲ್ಯಾಟ್ ಫೈವ್. ಇದಕ್ಕೆ ಹಾಫ್ ಡಿಮಿನಿಶ್ಡ್ ಎಂಬ ಹೆಸರೂ ಇದೆ.
3, 3, 3 ಇದ್ದರೆ ಡಿಮಿನಿಶ್ಡ್ ಸೆವೆಂತ್.

ಇವಲ್ಲದೆ 3, 4, 4 ಎಂಬ ಮೈನರ್ ಮೇಜರ್ ಸೆವೆಂತ್ ಮತ್ತು 4, 4, 3 ಎಂಬ ಮೇಜರ್ ಸೆವೆಂತ್ ಶಾರ್ಪ್ ಫೈವ್ ಇವೆ. ಇವೆರಡೂ ಹಾರ್ಮೋನಿಕ್ ಮೈನರ್ (ಏಳನೆಯ ಮೆಟ್ಟಿಲನ್ನು ಒಂದು ಸೆಮಿಟೋನ್ ಏರಿಸಿದ ಮೈನರ್) ಸ್ಕೇಲಿನಲ್ಲಿ ಹುಟ್ಟುತ್ತವೆ. ಎ ಹಾರ್ಮೋನಿಕ್ ಮೈನರ್‌ನಲ್ಲಿ ಎ, ಸಿ, ಇ, ಜಿ ಶಾರ್ಪ್ ಮೊದಲನೆಯದಕ್ಕೂ, ಸಿ, ಇ, ಜಿ ಶಾರ್ಪ್, ಬಿ ಎರಡನೆಯದಕ್ಕೂ ಉದಾಹರಣೆ. ಮೊದಲಿನ ಐದು ಕೈಗೆ ಕೂರುವವರೆಗೆ ಇವುಗಳ ಗೊಡವೆ ಬೇಡ.

ಇಲ್ಲಿ ಹೆಸರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿ. ಮೈನರ್ ಸೆವೆಂತ್ ಕಾರ್ಡ್ ಎಂಬ ಹೆಸರಿನಲ್ಲಿ ಮೈನರ್ ಎಂಬುದು ಮೂರನೆಯ ಸ್ವರದ ಬಗ್ಗೆ ಹೇಳುತ್ತದೆ, ಏಳನೆಯದರ ಬಗ್ಗೆ ಅಲ್ಲ. ಮೇಜರ್ ಸೆವೆಂತ್ ಎಂಬ ಹೆಸರಿನಲ್ಲಿ ಮೇಜರ್ ಎಂಬುದು ಏಳನೆಯ ಸ್ವರಕ್ಕೆ ಸೇರಿದ್ದು. ಬರಿದೇ ಸಿ ಸೆವೆಂತ್ ಎಂದರೆ ಮೇಜರ್ ಥರ್ಡ್ ಮತ್ತು ಫ್ಲ್ಯಾಟ್ ಏಳು ಇರುವ ಡಾಮಿನೆಂಟ್. ಲೀಡ್ ಶೀಟುಗಳಲ್ಲಿ (ಹಾಡಿನ ಸ್ವರಸಾಲು ಮತ್ತು ಕಾರ್ಡ್ ಹೆಸರುಗಳಷ್ಟೇ ಇರುವ ಹಾಳೆಗಳು) ಪುಟ್ಟ ತ್ರಿಕೋನ ಮೇಜರ್ ಸೆವೆಂತ್ ಅನ್ನೂ, ಪುಟ್ಟ ಸೊನ್ನೆ ಡಿಮಿನಿಶ್ಡ್ ಅನ್ನೂ, ಅಡ್ಡಗೀಟು ಎಳೆದ ಸೊನ್ನೆ ಹಾಫ್ ಡಿಮಿನಿಶ್ಡ್ ಅನ್ನೂ ಸೂಚಿಸುತ್ತವೆ. ಕೈಬರಹದ ಹಾಳೆಯಲ್ಲಿ ಆ ಅಡ್ಡಗೀಟು ಎಷ್ಟೋ ಬಾರಿ ಮಸುಕಾಗಿರುತ್ತದೆ, ಎರಡು ಸಲ ನೋಡಿ ಓದಿ.

ಹಂತ 3: ಒಂದು ಸ್ಥಳದಲ್ಲಿ ಐದೂ ಬಗೆ

ಈಗ ಗಿಟಾರ್ ಕೈಗೆತ್ತಿಕೊಳ್ಳಿ. ತೋರುಬೆರಳು 7ನೇ ಫ್ರೆಟ್‌ಗೆ, ಮಧ್ಯದ ಬೆರಳು 8ಕ್ಕೆ, ಉಂಗುರದ ಬೆರಳು 9ಕ್ಕೆ, ಕಿರುಬೆರಳು 10ಕ್ಕೆ. ಪ್ರತಿ ಬೆರಳಿಗೂ ಒಂದೊಂದು ಫ್ರೆಟ್, ಕೈ ಎಲ್ಲಿಗೂ ಸರಿಯಬೇಕಾಗಿಲ್ಲ. ಸಿ ಮೇಜರ್ ಸೆವೆಂತ್ ಹೀಗೆ ಬರುತ್ತದೆ:

ಆರನೇ ತಂತಿ 8ರಲ್ಲಿ ಸಿ, ಇದು ಒಂದು.
ಐದನೇ ತಂತಿ 7ರಲ್ಲಿ ಇ, ಇದು ಮೂರು.
ಐದನೇ ತಂತಿ 10ರಲ್ಲಿ ಜಿ, ಇದು ಐದು.
ನಾಲ್ಕನೇ ತಂತಿ 9ರಲ್ಲಿ ಬಿ, ಇದು ಏಳು.
ನಾಲ್ಕನೇ ತಂತಿ 10ರಲ್ಲಿ ಸಿ, ಮತ್ತೆ ಒಂದು.
ಮೂರನೇ ತಂತಿ 9ರಲ್ಲಿ ಇ, ಮೂರು.
ಎರಡನೇ ತಂತಿ 8ರಲ್ಲಿ ಜಿ, ಐದು.
ಒಂದನೇ ತಂತಿ 7ರಲ್ಲಿ ಬಿ, ಏಳು.
ಒಂದನೇ ತಂತಿ 8ರಲ್ಲಿ ಸಿ, ಒಂದು.

ಮೆಟ್ರೋನೋಮನ್ನು 60ಕ್ಕೆ ಇಟ್ಟು, ಒಂದು ಬೀಟಿಗೆ ಒಂದು ಸ್ವರದಂತೆ ಮೇಲಕ್ಕೂ ಕೆಳಕ್ಕೂ ನುಡಿಸಿ. ಪ್ರತಿ ಸ್ವರಕ್ಕೂ ಅದರ ಸ್ಥಾನವನ್ನು ಬಾಯಿಬಿಟ್ಟು ಹೇಳಿ: ಒಂದು, ಮೂರು, ಐದು, ಏಳು, ಒಂದು. ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದು. ಬೆರಳು ಬಾಯಿಗಿಂತ ಮುಂದೆ ಓಡಿದರೆ ವೇಗವನ್ನು ಇಳಿಸಿ, ಬಾಯಿಯ ವೇಗಕ್ಕೆ ಬೆರಳು ಹೊಂದಿಕೊಳ್ಳಲಿ. ಇಳಿಯುವಾಗ ಬಹುತೇಕರು ತಡವರಿಸುತ್ತಾರೆ, ಏಕೆಂದರೆ ಏರುವ ಕ್ರಮ ಹಾಡಿನಂತೆ ಬಾಯಿಗೆ ಬಂದಿರುತ್ತದೆ, ಇಳಿಯುವಾಗ ನಿಜವಾಗಿ ಯೋಚಿಸಬೇಕಾಗುತ್ತದೆ. ಅದಕ್ಕಾಗಿ ಇಳಿಯುವುದನ್ನು ಏರುವುದಕ್ಕಿಂತ ಹೆಚ್ಚು ಸಲ ನುಡಿಸಿ.

ಇನ್ನು ಒಂದೊಂದೇ ಸ್ವರವನ್ನು ಬದಲಿಸುತ್ತಾ ಹೋಗೋಣ.

ಏಳನೆಯ ಸ್ವರವನ್ನು ಒಂದು ಫ್ರೆಟ್ ಇಳಿಸಿ. ನಾಲ್ಕನೇ ತಂತಿಯಲ್ಲಿ 9ರ ಬದಲು 8, ಅದು ಬಿ ಫ್ಲ್ಯಾಟ್. ಮೇಲಿನ ಆಕ್ಟೇವಿನಲ್ಲಿ ಅದೇ ಸ್ವರ ಎರಡನೇ ತಂತಿ 11ರಲ್ಲಿ ಸಿಗುತ್ತದೆ, ಅಲ್ಲಿ ಕಿರುಬೆರಳನ್ನು ಒಂದು ಫ್ರೆಟ್ ಚಾಚಬೇಕು. ಉಳಿದೆಲ್ಲವೂ ಇದ್ದಂತೆಯೇ. ಇದು ಸಿ ಸೆವೆಂತ್, ಅಂದರೆ ಡಾಮಿನೆಂಟ್. ಈಗ ಬಾಯಲ್ಲಿ ಬರಬೇಕಾದದ್ದು ಒಂದು, ಮೂರು, ಐದು, ಫ್ಲ್ಯಾಟ್ ಏಳು.

ಮೂರನೆಯದನ್ನೂ ಒಂದು ಫ್ರೆಟ್ ಇಳಿಸಿ. ಇ ಹೋಗಿ ಇ ಫ್ಲ್ಯಾಟ್ ಬರುತ್ತದೆ. ಅದನ್ನು ಆರನೇ ತಂತಿ 11ರಲ್ಲೂ ಮೂರನೇ ತಂತಿ 8ರಲ್ಲೂ ತೆಗೆದುಕೊಂಡರೆ ಕೈ ಹಿತವಾಗಿ ಕೂರುತ್ತದೆ. ಹಾಗಾಗಿ ಇಲ್ಲಿಂದ ತೋರುಬೆರಳನ್ನು 8ಕ್ಕೆ ಸರಿಸಿ. ಪೂರ್ತಿ ಸಾಲು ಹೀಗಾಗುತ್ತದೆ: ಆರನೇ ತಂತಿ 8 ಮತ್ತು 11, ಐದನೇ ತಂತಿ 10, ನಾಲ್ಕನೇ ತಂತಿ 8 ಮತ್ತು 10, ಮೂರನೇ ತಂತಿ 8, ಎರಡನೇ ತಂತಿ 8 ಮತ್ತು 11, ಒಂದನೇ ತಂತಿ 8. ಇದು ಸಿ ಮೈನರ್ ಸೆವೆಂತ್. ಮೂರನೇ ತಂತಿಯ 8ರಿಂದ ಎರಡನೇ ತಂತಿಯ 8ಕ್ಕೆ ಒಂದೇ ಬೆರಳು ಹೋಗಬೇಕಾಗುತ್ತದೆ. ಬೆರಳನ್ನು ಎತ್ತಿ ಇಡದೆ, ಚಪ್ಪಟೆಯಾಗಿಯೂ ಮಲಗಿಸದೆ, ತುದಿಯಿಂದ ಮೊದಲ ಗಂಟಿನ ಕಡೆಗೆ ಮೆಲ್ಲಗೆ ಹೊರಳಿಸಿ. ಎರಡೂ ಸ್ವರಗಳು ಒಟ್ಟಿಗೆ ಮೊಳಗಿದರೆ ಹೊರಳಿಸುವುದು ಇನ್ನೂ ಕೂಡಿಬಂದಿಲ್ಲ ಎಂದರ್ಥ.

ಐದನೆಯದನ್ನು ಇಳಿಸಿ. ಜಿ ಇದ್ದಲ್ಲಿ ಜಿ ಫ್ಲ್ಯಾಟ್: ಐದನೇ ತಂತಿಯಲ್ಲಿ 10ರ ಬದಲು 9, ಎರಡನೇ ತಂತಿಯಲ್ಲಿ 8ರ ಬದಲು 7. ಇದು ಸಿ ಮೈನರ್ ಸೆವೆಂತ್ ಫ್ಲ್ಯಾಟ್ ಫೈವ್.

ಕೊನೆಗೆ ಏಳನೆಯದನ್ನು ಇನ್ನೊಂದು ಫ್ರೆಟ್ ಇಳಿಸಿ. ನಾಲ್ಕನೇ ತಂತಿಯಲ್ಲಿ 8ರ ಬದಲು 7, ಎರಡನೇ ತಂತಿಯಲ್ಲಿ 11ರ ಬದಲು 10. ಇದು ಸಿ ಡಿಮಿನಿಶ್ಡ್ ಸೆವೆಂತ್. ಕೇಳಲು ಆ ಸ್ವರ ಎ ಆದರೂ ಬರೆಯುವಾಗ ಅದನ್ನು ಬಿ ಡಬಲ್ ಫ್ಲ್ಯಾಟ್ ಎನ್ನುತ್ತಾರೆ. ಸರಪಣಿಯಲ್ಲಿ ಸಿ, ಇ, ಜಿ ಆದ ಮೇಲೆ ಬಿ ಬರಬೇಕೇ ಹೊರತು ಎ ಅಲ್ಲ. ಅಕ್ಷರ ಕೆಟ್ಟರೆ ಕಾಗದದ ಮೇಲೆ ಕಾರ್ಡನ್ನು ಗುರುತಿಸುವ ದಾರಿಯೇ ಮುಚ್ಚಿಹೋಗುತ್ತದೆ.

ಐದು ಬಗೆಗಳ ನಡುವೆ ಪ್ರತಿ ಬಾರಿಯೂ ಬದಲಾದದ್ದು ಒಂದೇ ಸ್ವರ ಎಂಬುದನ್ನು ಗಮನಿಸಿ. ಐದು ಬೇರೆ ಬೇರೆ ಆಕಾರಗಳೆಂದು ಕಲಿತವರು ಒಂದನ್ನು ಮರೆತರೆ ಪೂರ್ತಿ ಮರೆತಂತೆ. ಸ್ಥಾನಗಳಾಗಿ ಕಲಿತವರಿಗೆ ಪಕ್ಕದ ಕಾರ್ಡಿನಿಂದ ಅದನ್ನು ಮತ್ತೆ ಕಟ್ಟಿಕೊಳ್ಳಲು ಒಂದು ಕ್ಷಣ ಸಾಕು.

ಹಂತ 4: ಐದನೇ ತಂತಿಯಿಂದ ಆರಂಭಿಸುವುದು

ಆರನೇ ತಂತಿಯ ಮೇಲಿನ ಮೂಲಸ್ವರಕ್ಕೆ ಅಂಟಿಕೊಂಡರೆ ಕಾರ್ಡ್ ಬದಲಾದಾಗಲೆಲ್ಲ ಕೈ ದೂರದೂರಕ್ಕೆ ಹಾರಬೇಕಾಗುತ್ತದೆ. ಐದನೇ ತಂತಿ 10ರಲ್ಲಿ ಜಿ ಇದೆ. ಅಲ್ಲಿಂದ ಜಿ ಸೆವೆಂತ್ ಕಟ್ಟಿ. ಐದನೇ ತಂತಿ 10ರಲ್ಲಿ ಜಿ, ನಾಲ್ಕನೇ ತಂತಿ 9ರಲ್ಲಿ ಬಿ, 12ರಲ್ಲಿ ಡಿ, ಮೂರನೇ ತಂತಿ 10ರಲ್ಲಿ ಎಫ್, 12ರಲ್ಲಿ ಜಿ, ಎರಡನೇ ತಂತಿ 12ರಲ್ಲಿ ಬಿ, ಒಂದನೇ ತಂತಿ 10ರಲ್ಲಿ ಡಿ, 13ರಲ್ಲಿ ಎಫ್. ಇದರ ಮೊದಲ ನಾಲ್ಕು ಸ್ವರಗಳ ಆಕಾರ ಆರನೇ ತಂತಿಯಿಂದ ಕಟ್ಟಿದ ಸಿ ಸೆವೆಂತ್‌ನದ್ದೇ. ಮುಂದೆ ಆಕಾರ ಬದಲಾಗಲು ಕಾರಣ ಮೂರನೇ ಮತ್ತು ಎರಡನೇ ತಂತಿಗಳ ನಡುವಿನ ಅಂತರ. ಉಳಿದ ಎಲ್ಲ ಪಕ್ಕದ ತಂತಿಗಳ ನಡುವೆ 5 ಸೆಮಿಟೋನ್ ಇದ್ದರೆ ಜಿ ಮತ್ತು ಬಿ ತಂತಿಗಳ ನಡುವೆ 4 ಮಾತ್ರ ಇದೆ. ಆದ್ದರಿಂದ ಆ ಗಡಿಯನ್ನು ದಾಟಿದ ಪ್ರತಿ ಆಕಾರವೂ ಒಂದು ಫ್ರೆಟ್ ಮೇಲಕ್ಕೆ ಸರಿಯುತ್ತದೆ. ಈ ಒಂದು ನಿಯಮ ತಿಳಿದಿದ್ದರೆ ಐದನೇ, ನಾಲ್ಕನೇ ತಂತಿಗಳಿಂದ ಹೊರಡುವ ಆಕಾರಗಳನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ.

ಹಂತ 5: ಒಂದು ಕೀಯೊಳಗಿನ ಏಳು ಕಾರ್ಡುಗಳು

ಸಿ ಮೇಜರ್ ಸ್ಕೇಲಿನ ಪ್ರತಿ ಸ್ವರದಿಂದಲೂ ಸರಪಣಿಯ ನಾಲ್ಕು ಸ್ವರಗಳನ್ನು ಸ್ಕೇಲ್ ಬಿಟ್ಟು ಹೊರಗೆ ಹೋಗದೆ ಕಟ್ಟಿದರೆ ಸಿ ಮೇಜರ್ ಸೆವೆಂತ್, ಡಿ ಮೈನರ್ ಸೆವೆಂತ್, ಇ ಮೈನರ್ ಸೆವೆಂತ್, ಎಫ್ ಮೇಜರ್ ಸೆವೆಂತ್, ಜಿ ಸೆವೆಂತ್, ಎ ಮೈನರ್ ಸೆವೆಂತ್, ಬಿ ಮೈನರ್ ಸೆವೆಂತ್ ಫ್ಲ್ಯಾಟ್ ಫೈವ್ ಸಿಗುತ್ತವೆ. ಕೀ ಎಂದರೆ ಹಾಡು ನೆಲೆಯಾಗಿಟ್ಟುಕೊಂಡ ಸ್ಕೇಲ್; ಜಾತಿಗಳ ಈ ಕ್ರಮ ಎಲ್ಲ ಮೇಜರ್ ಕೀಗಳಲ್ಲೂ ಒಂದೇ. ಜಿ ಮೇಜರ್‌ನಲ್ಲಿ ಐದನೆಯದು ಡಿ ಸೆವೆಂತ್, ಏಳನೆಯದು ಎಫ್ ಶಾರ್ಪ್ ಮೈನರ್ ಸೆವೆಂತ್ ಫ್ಲ್ಯಾಟ್ ಫೈವ್.

ಏಳರಲ್ಲಿ ಡಾಮಿನೆಂಟ್ ಒಂದೇ ಇರುವುದು ಆಕಸ್ಮಿಕವಲ್ಲ. 6 ಸೆಮಿಟೋನ್ ದೂರದ ಅಂತರಕ್ಕೆ ಟ್ರೈಟೋನ್ ಎನ್ನುತ್ತಾರೆ. ಮೇಜರ್ ಸ್ಕೇಲಿನಲ್ಲಿ ಅಂಥ ಜೋಡಿ ಒಂದೇ, ಸಿ ಮೇಜರ್‌ನಲ್ಲಾದರೆ ಎಫ್ ಮತ್ತು ಬಿ. ಅವೆರಡೂ ಒಟ್ಟಿಗೆ ಬರುವ ಸೆವೆಂತ್ ಕಾರ್ಡುಗಳು ಎರಡೇ. ಜಿ ಸೆವೆಂತ್‌ನಲ್ಲಿ ಅವು ಮೂರು ಮತ್ತು ಫ್ಲ್ಯಾಟ್ ಏಳು, ಬಿ ಮೈನರ್ ಸೆವೆಂತ್ ಫ್ಲ್ಯಾಟ್ ಫೈವ್‌ನಲ್ಲಿ ಒಂದು ಮತ್ತು ಫ್ಲ್ಯಾಟ್ ಐದು. ಆದ್ದರಿಂದ ಒಂದು ಹಾಡಿನಲ್ಲಿ ಡಾಮಿನೆಂಟ್ ಆರ್ಪೆಜಿಯೊ ಕಂಡರೆ ಕೀ ಯಾವುದೆಂಬ ಬಲವಾದ ಸುಳಿವು ಸಿಕ್ಕಿದಂತೆ: ಅದರ ಮೂಲಸ್ವರ ಐದನೆಯದಾಗಿರುವ ಕೀಯನ್ನು ಮೊದಲು ಪರೀಕ್ಷಿಸಿ. ಆ ಕೀ ಮೇಜರ್ ಆಗಿರಬಹುದು, ಹಾರ್ಮೋನಿಕ್ ಮೈನರ್ ಬಳಸುವ ಮೈನರ್ ಕೀಯೂ ಆಗಿರಬಹುದು. ಬ್ಲೂಸ್ ಮಾತ್ರ ಈ ಸುಳಿವಿಗೆ ಒಳಪಡುವುದಿಲ್ಲ, ಅಲ್ಲಿ ಒಂದನೆಯ, ನಾಲ್ಕನೆಯ, ಐದನೆಯ ಮೆಟ್ಟಿಲುಗಳ ಮೇಲೆ ಮೂರೂ ಡಾಮಿನೆಂಟ್ ಕಾರ್ಡುಗಳೇ ನಿಲ್ಲುತ್ತವೆ.

ಹಂತ 6: ಕಾಗದದ ಮೇಲೆ ಗುರುತಿಸುವುದು

ಸ್ವರಲಿಪಿಯಲ್ಲಾಗಲಿ, ತಂತಿ ಮತ್ತು ಫ್ರೆಟ್ ಸಂಖ್ಯೆಗಳನ್ನು ಬರೆಯುವ ಟ್ಯಾಬ್‌ನಲ್ಲಾಗಲಿ ಆರ್ಪೆಜಿಯೊ ಯಾವಾಗಲೂ ಮೂಲಸ್ವರದಿಂದ ಶುರುವಾಗುವುದಿಲ್ಲ. ಮೂರು, ಐದು, ಏಳು ಯಾವುದರಿಂದಲಾದರೂ ಶುರುವಾಗಬಹುದು; ಅವನ್ನು ಕ್ರಮವಾಗಿ ಮೊದಲ, ಎರಡನೆಯ, ಮೂರನೆಯ ಇನ್ವರ್ಷನ್ ಎನ್ನುತ್ತಾರೆ. ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಟ್ಯಾಬ್‌ನಲ್ಲಿ ನಾಲ್ಕನೇ ತಂತಿ 4, ಮೂರನೇ ತಂತಿ 2, ಎರಡನೇ ತಂತಿ 1, ಎರಡನೇ ತಂತಿ 3 ಎಂದಿದೆ.

ಮೊದಲು ಫ್ರೆಟ್‌ಗಳನ್ನು ಸ್ವರಗಳಾಗಿ ಬರೆದುಕೊಳ್ಳಿ: ಎಫ್ ಶಾರ್ಪ್, ಎ, ಸಿ, ಡಿ. ಶಾರ್ಪ್ ಅನ್ನು ಸದ್ಯಕ್ಕೆ ಮರೆತು ಅಕ್ಷರಗಳನ್ನಷ್ಟೇ ನೋಡಿ: ಎಫ್, ಎ, ಸಿ, ಡಿ. ಸರಪಣಿಯಲ್ಲಿ ಇವು ಅಕ್ಕಪಕ್ಕ ಬರುವ ಕ್ರಮ ಡಿ, ಎಫ್, ಎ, ಸಿ. ಅಂದಮೇಲೆ ಮೂಲಸ್ವರ ಡಿ. ಈಗ ಶಾರ್ಪ್ ಅನ್ನು ಮರಳಿ ಸೇರಿಸಿ ಅಂತರಗಳನ್ನು ಅಳೆಯಿರಿ. ಡಿಯಿಂದ ಎಫ್ ಶಾರ್ಪ್‌ಗೆ 4, ಅಲ್ಲಿಂದ ಎಗೆ 3, ಅಲ್ಲಿಂದ ಸಿಗೆ 3. 4, 3, 3 ಎಂದರೆ ಡಾಮಿನೆಂಟ್. ಇದು ಡಿ ಸೆವೆಂತ್, ಮೂರನೆಯ ಸ್ವರದಿಂದ ಶುರುವಾದ್ದರಿಂದ ಮೊದಲ ಇನ್ವರ್ಷನ್. ಹಿಂದಿನ ಹಂತದ ಸುಳಿವಿನಂತೆ ಕೀ ಜಿ ಮೇಜರ್ ಅಥವಾ ಜಿ ಮೈನರ್ ಇರಬಹುದು.

ಇದಕ್ಕೊಂದು ಒಳದಾರಿ ಇದೆ. ಸೆವೆಂತ್ ಕಾರ್ಡಿನ ನಾಲ್ಕು ಅಕ್ಷರಗಳಲ್ಲಿ ವರ್ಣಮಾಲೆಯ ಕ್ರಮದಲ್ಲಿ ಒಂದರ ಪಕ್ಕಕ್ಕೊಂದು ಬರುವ ಜೋಡಿ ಒಂದೇ ಇರುತ್ತದೆ, ಅದು ಏಳು ಮತ್ತು ಅದರ ಮೇಲಿನ ಒಂದು. ಆ ಜೋಡಿಯ ಮೇಲಿನ ಸ್ವರವೇ ಮೂಲಸ್ವರ. ಮೇಲಿನ ಉದಾಹರಣೆಯಲ್ಲಿ ಆ ಜೋಡಿ ಸಿ ಮತ್ತು ಡಿ, ಮೂಲಸ್ವರ ಡಿ. ಬಿ, ಡಿ, ಎಫ್, ಜಿ ಎಂದಿದ್ದರೆ ಜೋಡಿ ಎಫ್ ಮತ್ತು ಜಿ, ಮೂಲಸ್ವರ ಜಿ. ಕಣ್ಣು ಪಳಗಿದ ಮೇಲೆ ಸ್ವರಲಿಪಿಯಲ್ಲಿ ಒತ್ತೊತ್ತಾಗಿ ಕೂತ ಆ ಎರಡು ಸ್ವರಗಳು ದೂರದಿಂದಲೇ ಕಾಣಿಸತೊಡಗುತ್ತವೆ.

ನಿಜವಾದ ಸಂಗೀತದಲ್ಲಿ ನಾಲ್ಕು ಸ್ವರಗಳ ನಡುವೆ ಬೇರೆ ಸ್ವರಗಳೂ ಸುಳಿಯುತ್ತವೆ. ಒಂದು ಬ್ಯಾರಿನಲ್ಲಿ ಆರು ಬೇರೆ ಬೇರೆ ಸ್ವರಗಳಿದ್ದರೆ ಬೀಟಿನ ಮೇಲೆ ಬೀಳುವವು, ಹೆಚ್ಚು ಹೊತ್ತು ನಿಲ್ಲುವವು, ಜಿಗಿದು ಬರುವವು ಯಾವುವೆಂದು ನೋಡಿ. ಎರಡು ಕಾರ್ಡ್ ಸ್ವರಗಳ ನಡುವೆ ಮೆಟ್ಟಿಲಿನಂತೆ ಹಾದುಹೋಗುವ ಚಿಕ್ಕ ಸ್ವರಗಳು ಬಹುಮಟ್ಟಿಗೆ ಕಾರ್ಡಿಗೆ ಸೇರಿದವಲ್ಲ.

ಹಂತ 7: ಕಿವಿಯಿಂದ ಗುರುತಿಸುವುದು

ಕಾಗದದ ಮೇಲೆ ಗುರುತಿಸುವುದು ಲೆಕ್ಕ; ಕಿವಿಗೆ ಬೇಕಾದದ್ದು ಬೇರೆ ಬಗೆಯ ತಾಳ್ಮೆ. ಇಲ್ಲಿ ಐದನೆಯ ಸ್ವರ ಅಷ್ಟಾಗಿ ನೆರವಾಗುವುದಿಲ್ಲ, ಮೊದಲ ಮೂರು ಬಗೆಗಳಲ್ಲಿ ಅದು ಬದಲಾಗುವುದೇ ಇಲ್ಲವಲ್ಲ. ಬಣ್ಣ ಕೊಡುವವು ಮೂರು ಮತ್ತು ಏಳು.

ಮೊದಲು ಏಳನ್ನು ಕೇಳುವ ಅಭ್ಯಾಸ. ಆರನೇ ತಂತಿ 8ರಲ್ಲಿ ಸಿ ನುಡಿಸಿ ಮೊಳಗಲು ಬಿಡಿ, ಅದರ ಮೇಲೆ ನಾಲ್ಕನೇ ತಂತಿ 10ರ ಸಿ ನುಡಿಸಿ. ಎರಡೂ ಒಂದರಲ್ಲೊಂದು ಕರಗಿ ನಿಲ್ಲುತ್ತವೆ. ಮೇಲಿನದನ್ನು 9ಕ್ಕೆ ಇಳಿಸಿ. ಮನೆಯ ಹೊಸ್ತಿಲಲ್ಲಿ ನಿಂತು ಒಳಗೆ ಕಾಲಿಡದಂತಹ ಬಿಗುವು ಕೇಳಿಸುತ್ತದೆ. ಅದು ಮೇಜರ್ ಸೆವೆಂತ್. ಇನ್ನೊಂದು ಫ್ರೆಟ್ ಇಳಿಸಿ 8ಕ್ಕೆ ಬನ್ನಿ. ಬಿಗುವು ಸಡಿಲವಾಗಿ, ತುಸು ಒರಟಾದ, ಇನ್ನೆಲ್ಲಿಗೋ ಹೊರಟಂಥ ಧ್ವನಿ ಬರುತ್ತದೆ. ಅದು ಫ್ಲ್ಯಾಟ್ ಏಳು. ಈ ಮೂರನ್ನೂ ಹಾಡಿಕೊಂಡೇ ನುಡಿಸಿ. ಹಾಡಲು ಬರದ ಅಂತರವನ್ನು ಕಿವಿ ಹಿಡಿಯುವುದು ಕಷ್ಟ.

ಎರಡನೆಯ ಪ್ರಯೋಗಕ್ಕೆ ಎರಡೇ ತಂತಿ ಸಾಕು. ನಾಲ್ಕನೇ ತಂತಿ 10ರ ಸಿ ಮತ್ತು ಮೂರನೇ ತಂತಿ 10ರ ಎಫ್ ಒಟ್ಟಿಗೆ ನುಡಿಸಿ. ಇವು ಡಿ ಮೈನರ್ ಸೆವೆಂತ್‌ನ ಫ್ಲ್ಯಾಟ್ ಏಳು ಮತ್ತು ಫ್ಲ್ಯಾಟ್ ಮೂರು. ಎಫ್ ಅನ್ನು ಹಾಗೆಯೇ ಬಿಟ್ಟು ಸಿಯನ್ನು 9ಕ್ಕೆ, ಅಂದರೆ ಬಿಗೆ ಇಳಿಸಿ. ಈಗಿರುವುದು ಜಿ ಸೆವೆಂತ್‌ನ ಮೂರು ಮತ್ತು ಫ್ಲ್ಯಾಟ್ ಏಳು. ಇನ್ನು ಬಿಯನ್ನು ಹಾಗೆಯೇ ಬಿಟ್ಟು ಎಫ್ ಅನ್ನು 9ಕ್ಕೆ, ಅಂದರೆ ಇಗೆ ಇಳಿಸಿ. ಸಿ ಮೇಜರ್ ಸೆವೆಂತ್‌ನ ಏಳು ಮತ್ತು ಮೂರು ಸಿಕ್ಕವು. ಮೂರು ಕಾರ್ಡುಗಳು ದಾಟಿಹೋದರೂ ಬೆರಳುಗಳು ಒಟ್ಟು ಎರಡು ಫ್ರೆಟ್ ಮಾತ್ರ ಸರಿದಿವೆ, ಮೂಲಸ್ವರ ಒಂದೂ ಕೇಳಿಸಿಲ್ಲ, ಆದರೂ ಹಾಡು ಎಲ್ಲಿಂದ ಹೊರಟು ಎಲ್ಲಿಗೆ ಬಂದು ನಿಂತಿತೆಂಬುದು ಕಿವಿಗೆ ಸ್ಪಷ್ಟ. ಜಾಝ್ ಕಲಿಸುವವರು ಈ ಸ್ವರಗಳನ್ನು ಗೈಡ್ ಟೋನ್ ಎಂದು ಕರೆಯುವುದು ಇದಕ್ಕೇ. ಈ ಎರಡು ತಂತಿಗಳ ಪ್ರಯೋಗವನ್ನು ನಾನು ಈಗಲೂ ಅಭ್ಯಾಸಕ್ಕೆ ಕೂತಾಗ ಮೊದಲು ಮಾಡುತ್ತೇನೆ. ಇಷ್ಟು ಕಡಿಮೆ ಚಲನೆಯಲ್ಲಿ ಇಷ್ಟು ಕಲಿಸುವ ಇನ್ನೊಂದು ಅಭ್ಯಾಸ ನನಗೆ ಸಿಕ್ಕಿಲ್ಲ.

ಇದಾದ ಮೇಲೆ ಅದೇ ಮೂರು ಕಾರ್ಡುಗಳನ್ನು ಪೂರ್ಣ ಆರ್ಪೆಜಿಯೊಗಳಾಗಿ ನುಡಿಸಿ: ಆರನೇ ತಂತಿ 10ರಿಂದ ಡಿ ಮೈನರ್ ಸೆವೆಂತ್, ಐದನೇ ತಂತಿ 10ರಿಂದ ಜಿ ಸೆವೆಂತ್, ಆರನೇ ತಂತಿ 8ರಿಂದ ಸಿ ಮೇಜರ್ ಸೆವೆಂತ್. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಮೂಲಸ್ವರಕ್ಕೆ ಮರಳದೆ, ಬೆರಳು ಇದ್ದಲ್ಲಿಂದ ಅತಿ ಹತ್ತಿರದ ಕಾರ್ಡ್ ಸ್ವರಕ್ಕೆ ಸರಿಯಿರಿ. ಬಾಯಲ್ಲಿ ಸ್ಥಾನ ಹೇಳುವುದನ್ನು ನಿಲ್ಲಿಸಬೇಡಿ. ಸ್ಥಾನ ತಿಳಿಯದೆ ಈ ಅಭ್ಯಾಸ ಸಾಧ್ಯವೇ ಇಲ್ಲ ಎಂಬುದು ಮೊದಲ ಪ್ರಯತ್ನದಲ್ಲೇ ಗೊತ್ತಾಗುತ್ತದೆ.

ಹಂತ 8: ಎರಡು ಹೆಸರಿನ ಕಾರ್ಡುಗಳು

ಕೆಲವು ಸ್ವರಗುಂಪುಗಳಿಗೆ ಒಂದಕ್ಕಿಂತ ಹೆಚ್ಚು ಹೆಸರು ಸಲ್ಲುತ್ತದೆ. ಎ, ಸಿ, ಇ, ಜಿ ಎಂಬುದು ಎ ಮೈನರ್ ಸೆವೆಂತ್. ಅದೇ ನಾಲ್ಕು ಸ್ವರಗಳು ಸಿ ಸಿಕ್ಸ್ತ್ (ಸಿ, ಇ, ಜಿ ಜೊತೆಗೆ ಆರನೆಯ ಮೆಟ್ಟಿಲಾದ ಎ) ಕೂಡ ಹೌದು. ಸರಪಣಿ ಎ ಎಂದೇ ಉತ್ತರ ಕೊಡುತ್ತದೆ, ಆದರೆ ಬಾಸ್ ಸಿ ಸ್ವರವನ್ನು ಹಿಡಿದಿದ್ದರೆ, ಹಾಡು ಆ ಜಾಗದಲ್ಲಿ ವಿಶ್ರಮಿಸುತ್ತಿದ್ದರೆ, ಸಿ ಸಿಕ್ಸ್ತ್ ಎನ್ನುವುದೇ ಸರಿ.

ಸಿ ಮೇಜರ್ ಸೆವೆಂತ್‌ನಿಂದ ಮೂಲಸ್ವರವನ್ನು ತೆಗೆದರೆ ಉಳಿಯುವುದು ಇ ಮೈನರ್ ಟ್ರಯಾಡ್, ಅಂದರೆ ಮೂರು ಸ್ವರಗಳ ಕಾರ್ಡ್. ಡಿ ಮೈನರ್ ಸೆವೆಂತ್‌ನಿಂದ ತೆಗೆದರೆ ಎಫ್ ಮೇಜರ್ ಟ್ರಯಾಡ್. ಬಾಸ್ ನುಡಿಸುವವರು ಜೊತೆಗಿದ್ದಾಗ ಗಿಟಾರಿನಲ್ಲಿ ಬರಿಯ ಟ್ರಯಾಡ್ ಕೇಳಿಸುತ್ತಿದ್ದರೂ ಒಟ್ಟು ಕಾರ್ಡ್ ಸೆವೆಂತ್ ಆಗಿರಬಹುದು, ಹಾಗಾಗಿ ಬಾಸ್ ಕೇಳದೆ ಹೆಸರಿಡಬೇಡಿ.

ಡಿಮಿನಿಶ್ಡ್ ಸೆವೆಂತ್‌ನದು ಬೇರೆಯೇ ಕಥೆ. ಅದರ ಅಂತರಗಳೆಲ್ಲ 3 ಆಗಿರುವುದರಿಂದ, ನಾಲ್ಕನೆಯ ಸ್ವರದಿಂದ ಮೇಲಿನ ಮೂಲಸ್ವರಕ್ಕೂ 3 ಸೆಮಿಟೋನೇ ಆಗುವುದರಿಂದ, ಆಕಾರವನ್ನು 3 ಫ್ರೆಟ್ ಸರಿಸಿದರೆ ಮತ್ತೆ ಅವೇ ನಾಲ್ಕು ಸ್ವರಗಳು ಬರುತ್ತವೆ. ಹನ್ನೆರಡು ಸ್ವರಗಳಲ್ಲಿ ಹೀಗೆ ಮೂರೇ ಮೂರು ಬೇರೆ ಬೇರೆ ಡಿಮಿನಿಶ್ಡ್ ಗುಂಪುಗಳಿವೆ. ಕಿವಿಯಿಂದ ಮೂಲಸ್ವರ ಯಾವುದೆಂದು ಹೇಳಲು ಬರುವುದಿಲ್ಲ. ಅದು ಮುಂದೆ ಯಾವ ಕಾರ್ಡಿಗೆ ಹೋಯಿತು ಎಂಬುದನ್ನು ನೋಡಬೇಕು. ಮೇಲಿನ ನಾಲ್ಕು ತಂತಿಗಳಲ್ಲಿ ಜಿ ಸೆವೆಂತ್ ನುಡಿಸಿ: ನಾಲ್ಕನೆಯದು 5, ಮೂರನೆಯದು 4, ಎರಡನೆಯದು 3, ಒಂದನೆಯದು 1. ಈಗ ನಾಲ್ಕನೇ ತಂತಿಯ ಜಿ ಒಂದನ್ನೇ 6ಕ್ಕೆ ಏರಿಸಿ. ಜಿ ಶಾರ್ಪ್ ಡಿಮಿನಿಶ್ಡ್ ಸೆವೆಂತ್ ಆಯಿತು. ಮೊದಲನೆಯದು ಸಿ ಮೇಜರ್ ಕಡೆಗೆ ಎಳೆಯುತ್ತದೆ, ಎರಡನೆಯದು ಎ ಮೈನರ್ ಕಡೆಗೆ. ಎರಡನ್ನೂ ಆಯಾ ಕಾರ್ಡಿಗೆ ಕೊಂಡೊಯ್ದು ಮುಗಿಸಿ ಕೇಳಿ.

ಹಂತ 9: ಮೂರು ಸಾಲುಗಳ ಪರೀಕ್ಷೆ

ಕೆಳಗಿನ ಮೂರು ಸಾಲುಗಳನ್ನು ಮೊದಲು ನುಡಿಸಿ, ಕಿವಿಗೆ ಏನನ್ನಿಸಿತೆಂದು ಬರೆದಿಟ್ಟು, ಆಮೇಲೆ ಲೆಕ್ಕ ಹಾಕಿ.

ಮೊದಲನೆಯದು: ಐದನೇ ತಂತಿ 4, ನಾಲ್ಕನೇ ತಂತಿ 2, ನಾಲ್ಕನೇ ತಂತಿ 5, ಮೂರನೇ ತಂತಿ 2.
ಎರಡನೆಯದು: ನಾಲ್ಕನೇ ತಂತಿ 7, ಮೂರನೇ ತಂತಿ 5, ಎರಡನೇ ತಂತಿ 5, ಒಂದನೇ ತಂತಿ 3.
ಮೂರನೆಯದು: ನಾಲ್ಕನೇ ತಂತಿ 7, ಮೂರನೇ ತಂತಿ 5, ಎರಡನೇ ತಂತಿ 5, ಎರಡನೇ ತಂತಿ 7.

ಮೊದಲನೆಯದರ ಸ್ವರಗಳು ಸಿ ಶಾರ್ಪ್, ಇ, ಜಿ, ಎ. ಪಕ್ಕದ ಜೋಡಿ ಜಿ ಮತ್ತು ಎ, ಮೂಲಸ್ವರ ಎ, ಅಂತರಗಳು 4, 3, 3. ಎ ಸೆವೆಂತ್‌ನ ಮೊದಲ ಇನ್ವರ್ಷನ್. ಎರಡನೆಯದರ ಸ್ವರಗಳು ಎ, ಸಿ, ಇ, ಜಿ, ಅಂತರಗಳು 3, 4, 3. ಎ ಮೈನರ್ ಸೆವೆಂತ್, ಬಾಸ್ ಸಿ ಹಿಡಿದಿದ್ದರೆ ಸಿ ಸಿಕ್ಸ್ತ್. ಮೂರನೆಯದರ ಸ್ವರಗಳು ಎ, ಸಿ, ಇ, ಎಫ್ ಶಾರ್ಪ್. ಪಕ್ಕದ ಜೋಡಿ ಇ ಮತ್ತು ಎಫ್ ಶಾರ್ಪ್, ಮೂಲಸ್ವರ ಎಫ್ ಶಾರ್ಪ್, ಅಂತರಗಳು 3, 3, 4; ಎಫ್ ಶಾರ್ಪ್ ಮೈನರ್ ಸೆವೆಂತ್ ಫ್ಲ್ಯಾಟ್ ಫೈವ್‌ನ ಮೊದಲ ಇನ್ವರ್ಷನ್. ಎರಡನೆಯ ಮತ್ತು ಮೂರನೆಯ ಸಾಲುಗಳಲ್ಲಿ ಮೊದಲ ಮೂರು ಸ್ವರಗಳು ಒಂದೇ. ಕೊನೆಯ ಸ್ವರ ಒಂದು ಸೆಮಿಟೋನ್ ಇಳಿದದ್ದಕ್ಕೆ ಮೂಲಸ್ವರವೇ ಬೇರೆಯಾಯಿತು. ಒಂದು ಎಂದು ಹೇಳುತ್ತಿದ್ದ ಎ ಈಗ ಫ್ಲ್ಯಾಟ್ ಮೂರು ಆಗಿದೆ. ಈ ಎರಡು ಸಾಲುಗಳನ್ನು ಬದಲಿಸಿ ಬದಲಿಸಿ, ಹೊಸ ಸ್ಥಾನಗಳನ್ನು ಹೇಳುತ್ತಾ, ನಾಲಿಗೆ ತೊಡರದಷ್ಟಾಗುವವರೆಗೆ ನುಡಿಸಿ.